ಕ್ಯೂಬ್‌ಸ್ಯಾಟ್ ಮತ್ತು ನೆಲದ ಸಂವೇದಕ: ಡಾಪ್ಲರ್ ಪಲ್ಲಟವನ್ನು ಎಲ್ಲಿ ಸರಿಪಡಿಸಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾವು ಅಂತಿಮ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು. ಸುಮಾರು 500 ಕಿ.ಮೀ. ಎತ್ತರದ ಕ್ಯೂಬ್‌ಸ್ಯಾಟ್ (ಪುಟ್ಟ ಘನಾಕಾರದ ಉಪಗ್ರಹ) ಒಂದು ಮಣ್ಣಿನ ತೇವಾಂಶ ಅಳೆಯುವ ಸಂವೇದಕಗಳಿಂದ 435 ಮೆಗಾಹರ್ಟ್ಸ್‌ನಲ್ಲಿ ದತ್ತಾಂಶ ಪಡೆಯುವ ವ್ಯವಸ್ಥೆಯನ್ನು ಎಸ್‌ಡಿಆರ್ (ಸಂಕೇತ ಸಂಸ್ಕರಣೆಯನ್ನು ತಂತ್ರಾಂಶದಲ್ಲೇ ಮಾಡುವ ರೇಡಿಯೊ) ಬಳಸಿ ಪ್ರಯೋಗಾಲಯದಲ್ಲಿ ರೂಪಿಸುತ್ತಿದ್ದೇವೆ. ಉಪಗ್ರಹದ ಚಲನೆಯಿಂದ ಸಂಕೇತದ ಆವರ್ತನ ಬದಲಾಗುವ ಡಾಪ್ಲರ್ ಪಲ್ಲಟವನ್ನು ಸಂವೇದಕವೇ ಸರಿಪಡಿಸಿಕೊಳ್ಳಬೇಕೇ? ಯುಎಸ್‌ಬಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕಾಗುತ್ತದೆಯೇ?

ಉತ್ತರ 1:
ನೀವು ಹೇಳಿದ ಎತ್ತರದಲ್ಲಿ ಪಲ್ಲಟವು ದಿಗಂತದ ಬಳಿ ಸುಮಾರು 10 ಕಿಲೋಹರ್ಟ್ಸ್‌ನಷ್ಟಿದ್ದು, ಉಪಗ್ರಹವು ನೆತ್ತಿಯ ಮೇಲೆ ಹಾದುಹೋಗುವಾಗ ಅತಿ ವೇಗವಾಗಿ ಬದಲಾಗುತ್ತದೆ. ಉಪಗ್ರಹದ ಬೀಕನ್ (ಅದು ಬಿತ್ತರಿಸುವ ಗುರುತಿನ ಸಂಕೇತ) ಆಲಿಸಿ ಅದಕ್ಕೆ ತಕ್ಕಂತೆ ಸಂವೇದಕವು ತನ್ನ ಆವರ್ತನವನ್ನು ತಗ್ಗಿಸಿ ಅಥವಾ ಏರಿಸಿ ಕಳುಹಿಸುವ ಉಪಾಯ ಆಕರ್ಷಕವೇನೋ ಹೌದು; ಆದರೆ ಆವರ್ತನವನ್ನು ನಿಗದಿಪಡಿಸುವ, 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ದೋಷವಿರುವ ಅಗ್ಗದ ಸ್ಫಟಿಕವೇ 8.7 ಕಿಲೋಹರ್ಟ್ಸ್ ತಪ್ಪಬಲ್ಲದಾದ್ದರಿಂದ, ಅಳೆದ ವ್ಯತ್ಯಾಸದಲ್ಲಿ ಡಾಪ್ಲರ್ ಎಷ್ಟು, ಸ್ಫಟಿಕದ ದೋಷ ಎಷ್ಟು ಎಂಬುದು ಸಂವೇದಕಕ್ಕೆ ತಿಳಿಯುವುದಿಲ್ಲ. ಟಿಸಿಎಕ್ಸ್‌ಒ (ತಾಪಮಾನದ ಪರಿಣಾಮವನ್ನು ಸರಿದೂಗಿಸಿಕೊಳ್ಳುವ ನಿಖರ ಸ್ಫಟಿಕ ಆಂದೋಲಕ) ಹಾಕಿದರೆ ಈ ಗೊಂದಲ ಬಹುಮಟ್ಟಿಗೆ ತಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ, ಬ್ಯಾಟರಿಯಲ್ಲಿ ಬದುಕುವ ಸಂವೇದಕವನ್ನು ಸರಳವಾಗಿಟ್ಟು, ಅಗಲವಾದ ಆವರ್ತನ ಪಟ್ಟಿಯನ್ನು ಒಮ್ಮೆಗೇ ಗ್ರಹಿಸಿ ಸಂಕೇತವನ್ನು ಹುಡುಕುವ ಹೊರೆಯನ್ನು ಉಪಗ್ರಹದ ಎಸ್‌ಡಿಆರ್‌ಗೆ ವಹಿಸುವುದೇ ಲೇಸು.

ಉತ್ತರ 2:
ಆ ಡಾಂಗಲ್ ಗ್ರಹಿಸಬಲ್ಲದೇ ಹೊರತು ಪ್ರಸಾರ ಮಾಡಲಾರದು. ಎರಡೂ ಬೇಕಿದ್ದರೆ ಪ್ಲೂಟೊ ಎಂಬ ಎಸ್‌ಡಿಆರ್ ನೋಡಿ. ಪರವಾನಗಿಯಿಲ್ಲದೆ ಆಂಟೆನಾಗೆ ಜೋಡಿಸಬೇಡಿ. ನಡುವೆ ಅಟೆನ್ಯುಯೇಟರ್ (ಸಂಕೇತದ ಬಲ ತಗ್ಗಿಸುವ ಸಾಧನ) ಇಟ್ಟು ಕೇಬಲ್ ಮೂಲಕವೇ ಪರೀಕ್ಷಿಸಿ, ಪಲ್ಲಟವನ್ನು ಗ್ನೂ ರೇಡಿಯೊ ತಂತ್ರಾಂಶದಲ್ಲಿ ಕೃತಕವಾಗಿ ಸೇರಿಸಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಸಂವೇದಕಕ್ಕೆ ಟಿಸಿಎಕ್ಸ್‌ಒ ಹಾಕಿ, ಹುಡುಕಾಟವನ್ನು ಉಪಗ್ರಹದ ಕಡೆಗೇ ಬಿಡುತ್ತೇವೆ.