ಅಂಡಕೋಶವೋ ಅಂಡಾಶಯವೋ? ಗರ್ಭನಾಳ ಯಾವುದು?

ಪ್ರಶ್ನೆ: ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವೊಂದು ಕನ್ನಡಕ್ಕೆ ಆಗಬೇಕಿದೆ. ಓವರಿಗೆ ಅಂಡಕೋಶ, ಫೆಲೋಪಿಯನ್ ಟ್ಯೂಬಿಗೆ ಗರ್ಭನಾಳ, ಸರ್ವಿಕ್ಸ್‌ಗೆ ಗರ್ಭಕಂಠ ಎಂದು ಬರೆಯಬಹುದೇ? ಯೋನಿ ಎಂದರೆ ಒಳಗಿನ ಭಾಗವೋ ಹೊರಗಿನದೋ? ಬಲ್ಲವರು ತಿಳಿಸಿ.

ಉತ್ತರ 1: ಅಂಡಕೋಶ ಖಂಡಿತ ಬೇಡ. ಸಂಸ್ಕೃತದಲ್ಲಿ ಅದು ಗಂಡಸಿನ ವೃಷಣದ ಚೀಲ. ನಮ್ಮ ಅಂಡವಾಯುವಿನ 'ಅಂಡ'ವೂ ಅದೇ. ಸಾಲದ್ದಕ್ಕೆ 'ಜೀವಕೋಶ' ರೂಢಿಗೆ ಬಂದ ಮೇಲೆ, ವಿಜ್ಞಾನ ಓದಿದವರ ಕಿವಿಗೆ ಅಂಡಕೋಶ ಎಂದರೆ ಒಂದೇ ಒಂದು ಅಂಡಾಣು. ಒಂದು ಪದಕ್ಕೆ ಮೂರು ಅರ್ಥ, ಅದೂ ಸಹಿ ಹಾಕಿಸುವ ಕಾಗದದಲ್ಲಿ! ಅಂಡಾಶಯ ಎನ್ನಿ. ಜಲಾಶಯ, ಮೂತ್ರಾಶಯಗಳ ಸಾಲಿನ ಪದ. ಗರ್ಭಕೋಶದ ಎರಡು ಪಕ್ಕದಲ್ಲಿ ಒಂದೊಂದು, ಸುಮಾರು 3 ಸೆಂ.ಮೀ. ಉದ್ದ, ಬಾದಾಮಿಯ ಆಕಾರ. ಗರ್ಭಕೋಶದಲ್ಲೂ 'ಕೋಶ' ಇದೆಯಲ್ಲ ಎಂದರೆ, ಇದೆ. ಆದರೆ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ, ಹಾಗೇ ಇರಲಿ.

ಗರ್ಭನಾಳದ ತೊಡಕು ಬೇರೆ. ಓದಿದವರು ಅದನ್ನು ಹೆರಿಗೆಯ ದಾರಿ ಎಂದುಕೊಳ್ಳಬಹುದು, ನಾಭಿನಾಳದ ನೆನಪಿನಲ್ಲಿ ಹೊಕ್ಕುಳಬಳ್ಳಿ ಎಂದೂ ತಿಳಿಯಬಹುದು. ಈ ನಾಳದಲ್ಲಿ ಗರ್ಭ ನಿಲ್ಲಲೇಬಾರದು; ನಿಂತರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಹರಿದು ಜೀವಕ್ಕೆ ಅಪಾಯ. ಅಂಥದ್ದಕ್ಕೆ 'ಗರ್ಭನಾಳ' ಎಂಬ ಹೆಸರು ಅಣಕದಂತಿದೆ. ಅಂಡನಾಳ ಮೇಲು. 10ರಿಂದ 12 ಸೆಂ.ಮೀ. ಉದ್ದ, ಅಂಡಾಶಯದ ಕಡೆಯ ತುದಿ ಅಗಲವಾಗಿ ಅಂಚಿಗೆ ಕುಚ್ಚು ಕಟ್ಟಿದಂತೆ ಇರುತ್ತದೆ. 1561ರಲ್ಲಿ ಇದನ್ನು ವರ್ಣಿಸಿದ ಇಟಲಿಯ ಫಾಲೋಪಿಯೊ ಕಹಳೆಗೆ ಹೋಲಿಸಿದ್ದು ಈ ಆಕಾರಕ್ಕೇ. ಪತ್ರದಲ್ಲಿ ಮೊದಲ ಸಲ 'ಅಂಡನಾಳ, ಅಂದರೆ ಟ್ಯೂಬ್' ಎಂದು ಬರೆಯಿರಿ. 'ಟ್ಯೂಬ್ ಬ್ಲಾಕ್ ಆಗಿದೆ' ಎನ್ನುವ ಮಾತು ಹಳ್ಳಿಗಳಲ್ಲೂ ಓಡಾಡುತ್ತಿದೆ.

ಪದ ತಪ್ಪಿದರೆ ಏನಾಗುತ್ತದೆ? ಸಂತಾನಹರಣ ಚಿಕಿತ್ಸೆಯಲ್ಲಿ ಕತ್ತರಿಸುವುದು ಅಂಡನಾಳಗಳನ್ನು ಮಾತ್ರ. ಅಂಡಾಶಯ, ಗರ್ಭಕೋಶ ಎರಡೂ ಉಳಿಯುವುದರಿಂದ ಮುಟ್ಟು ಎಂದಿನಂತೆ ಬರುತ್ತದೆ. ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಉಳಿಸಿದ್ದರೆ ಹಾರ್ಮೋನು ಒಸರುತ್ತಲೇ ಇರುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯ ಹೋದರೆ ಮೈ ಬಿಸಿಯೇರುವುದು, ಬೆವರು, ಮುಂದೆ ಮೂಳೆ ಸವೆತ. 'ಗರ್ಭಚೀಲ ತೆಗೆದರು' ಎಂಬ ಆಡುಮಾತು ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಚ್ಚಿಹಾಕುತ್ತದೆ. ಪತ್ರದಲ್ಲಿ ಬಿಡಿಸಿ ಬರೆಯಿರಿ: 'ಗರ್ಭಕೋಶವನ್ನು ಅದರ ಬಾಯಿಯ ಸಮೇತ ತೆಗೆಯಲಾಗುವುದು, ಅಂಡಾಶಯಗಳನ್ನು ಉಳಿಸಲಾಗುವುದು.'

ಯೋನಿ ಹಳೆಯ ಪಠ್ಯಗಳಲ್ಲಿ ವಿಶಾಲ ಪದ. ಶಂಖದಂತೆ ಮೂರು ಸುತ್ತಿನದು, ಮೂರನೆಯ ಸುತ್ತಿನಲ್ಲಿ ಗರ್ಭಶಯ್ಯೆ ಎಂದು ಸುಶ್ರುತಸಂಹಿತೆ ಹೇಳುತ್ತದೆ. ಅಂದರೆ ಗರ್ಭಕೋಶವೂ ಅದರೊಳಗೇ ಸೇರಿತು. ಇಂದು ಗರ್ಭಕೋಶದ ಬಾಯಿಯಿಂದ ಹೊರಗೆ ಬರುವ ದಾರಿಗೆ ಮಾತ್ರ ಯೋನಿ ಎನ್ನುವುದು ಒಳ್ಳೆಯದು. ಹೊರಭಾಗಕ್ಕೆ 'ಭಗ' ಸರಿಯಾದ ಪದವೇ, ಆದರೆ ಓದುವವರು ಮುಜುಗರಪಟ್ಟಾರು. 'ಹೊರ ಜನನಾಂಗ' ಸಾಕು.

ಉತ್ತರ 2: ಗರ್ಭಕಂಠದ ಬಗ್ಗೆ ಒಂದು ಮಾತು. ಲ್ಯಾಟಿನ್ನಿನ ಸರ್ವಿಕ್ಸ್ ಎಂದರೆ ಕುತ್ತಿಗೆ, ಹಾಗಾಗಿ ಕಂಠ, ಕೊರಳು ಎರಡೂ ಸರಿಯೇ. ಆದರೆ ನಮ್ಮಲ್ಲಿ 'ಸರ್ವೈಕಲ್ ಪ್ರಾಬ್ಲಂ' ಎಂದರೆ ಕತ್ತುನೋವು. 'ಸರ್ವೈಕಲ್ ಕ್ಯಾನ್ಸರ್' ಎಂದಷ್ಟೇ ಬರೆದರೆ ಕತ್ತು ಮುಟ್ಟಿಕೊಳ್ಳುವವರಿದ್ದಾರೆ. 'ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ' ಎಂದು ಒಮ್ಮೆ ಹೇಳಿಬಿಡಿ.