ಲೋಗೊ ಬಳಸುತ್ತಿದ್ದಾರೆ, ಬಾಕಿ ಮಾತ್ರ ಕೊಡುತ್ತಿಲ್ಲ

ಪ್ರಶ್ನೆ:
ಫ್ರೀಲಾನ್ಸ್ ಡಿಸೈನರ್ ನಾನು. ಒಂದು ಹೊಸ ಕಂಪನಿಗೆ ಲೋಗೊ ಮಾಡಿಕೊಟ್ಟೆ. ಅರ್ಧ ದುಡ್ಡು ಮುಂಗಡ ಬಂದಿತ್ತು. ಕೊನೆಯ ಡ್ರಾಫ್ಟ್ ನೋಡಿ "ಸೂಪರ್, ಇದೇ ಫೈನಲ್" ಅಂತ ಅವರೇ ಮೇಲ್ ಹಾಕಿದರು. ಫೈಲ್ ಕಳಿಸಿದೆ. ಬಾಕಿ ಕೇಳಿದಾಗ ಮೊದಲು "ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ", ಆಮೇಲೆ "ಮುಂದಿನ ವಾರ ಖಂಡಿತ". ಈಗ ವರಸೆಯೇ ಬದಲು: "ನಮ್ಮ ಪಾರ್ಟ್‌ನರ್‌ಗೆ ಡಿಸೈನ್ ಇಷ್ಟವಾಗಲಿಲ್ಲ, ನಾವು ಬಳಸುತ್ತಿಲ್ಲ." ತಮಾಷೆ ನೋಡಿ, ಆ ಮೇಲ್‌ನ ಕೆಳಗೆ, ಅವರ ಹೆಸರಿನ ಪಕ್ಕದಲ್ಲೇ ನನ್ನ ಲೋಗೊ ಕೂತಿದೆ!

ಪೂರ್ತಿ ಹಣ ಬಂದ ಮೇಲಷ್ಟೇ ಹಕ್ಕು ಅವರದು ಅಂತ ಒಪ್ಪಂದದಲ್ಲಿದೆ. ಈಗ ಏನು ಮಾಡಲಿ? ಜಗಳ ಬೇಡ, ದುಡ್ಡು ಬೇಕು.

ಉತ್ತರ 1:
ಲೋಗೊ ಇರೋ ಆ ಮೇಲ್ ಡಿಲೀಟ್ ಆಗದ ಹಾಗೆ ನೋಡಿಕೊಳ್ಳಿ, ಚಿನ್ನ ಅದು. ಅವರ ವೆಬ್‌ಸೈಟ್‌ನಲ್ಲೂ ಲೋಗೊ ಇದ್ದರೆ ಆ ಪುಟವನ್ನು ವೇಬ್ಯಾಕ್ ಮೆಷಿನ್‌ನಲ್ಲಿ (ವೆಬ್ ಪುಟಗಳ ಪ್ರತಿಯನ್ನು ತಾರೀಖಿನ ಸಮೇತ ಇಟ್ಟುಕೊಳ್ಳೋ ತಾಣ) ಉಳಿಸಿ. ಸ್ಕ್ರೀನ್‌ಶಾಟ್ ಆದರೆ ನೀವೇ ತಿದ್ದಿದ್ದು ಅನ್ನಬಹುದು, ಮೂರನೆಯವರ ಹತ್ತಿರ ಇರೋ ಪ್ರತಿಗೆ ಹಾಗನ್ನೋದು ಕಷ್ಟ.

ಆಮೇಲೆ ಒಂದೇ ಒಂದು ಮೇಲ್. ಇನ್‌ವಾಯ್ಸ್ ನಂಬರ್, ಬಾಕಿ ಮೊತ್ತ, ಅವರ "ಇದೇ ಫೈನಲ್" ಮಾತು, ಒಪ್ಪಂದದ ಆ ಸಾಲು, ಕೊನೆಯ ತಾರೀಖು. "ತೊಂದರೆಗೆ ಕ್ಷಮಿಸಿ" ಅಂತೆಲ್ಲಾ ಸುಮ್ನೆ ಬರೆಯಬೇಡಿ. ಇಷ್ಟವಾಗಲಿಲ್ಲ ಅನ್ನೋದಕ್ಕೆ ಉತ್ತರ ಕೊಡಲೇಬೇಡಿ. ಕೊಟ್ಟರೆ ಮಾತು ಬಾಕಿ ಬಿಟ್ಟು ಬಣ್ಣ, ಅಕ್ಷರದ ಕಡೆ ಹೋಗುತ್ತೆ. ಅವರಿಗೆ ಬೇಕಾಗಿರೋದೂ ಅದೇ ಅಲ್ವಾ?

ಉತ್ತರ 2:
ಇಷ್ಟೆಲ್ಲಾ ಯಾಕೆ? ಹೆಸರು ಹಾಕಿ ಪೋಸ್ಟ್ ಮಾಡಿ, ಓಡಿ ಬಂದು ಕೊಡುತ್ತಾರೆ.

ಉತ್ತರ 1:
ಬೇಡ ಮಾರಾಯ್ರೇ. ಮಾನನಷ್ಟದ ನೋಟಿಸ್ ಬಂದರೆ ಇವರು ವಕೀಲರಿಗೇ ಜಾಸ್ತಿ ಕೊಡಬೇಕಾಗುತ್ತೆ.

ಉತ್ತರ 3:
ಮೇಲ್‌ಗೆ ಬಗ್ಗದಿದ್ದರೆ ಅವರ ವೆಬ್‌ಸೈಟ್ ಯಾವ ಹೋಸ್ಟಿಂಗ್‌ನಲ್ಲಿದೆ, ಅಂದರೆ ಯಾವ ಕಂಪನಿಯ ಸರ್ವರ್‌ನಲ್ಲಿದೆ ಅಂತ ನೋಡಿ. ಹೋಸ್ಟಿಂಗ್ ಅಮೆರಿಕದ ಕಂಪನಿಯದಾದರೆ ಅಲ್ಲಿನ 1998ರ ಡಿಎಂಸಿಎ ಅನ್ನೋ ಕಾಪಿರೈಟ್ ಕಾನೂನಿನ ಪ್ರಕಾರ ಆ ಕಂಪನಿಗೆ ಟೇಕ್‌ಡೌನ್ ನೋಟಿಸ್ (ನನ್ನ ಲೋಗೊ ತೆಗೆಯಿರಿ ಅನ್ನೋ ಪತ್ರ) ಕಳಿಸಬಹುದು. ವಕೀಲರೇ ಬೇಕು ಅಂತಿಲ್ಲ. ಆದರೆ ನಿಮ್ಮ ಕ್ಲೈಂಟ್ ತೆಗೆದಿದ್ದು ತಪ್ಪು ಅಂತ ಕೌಂಟರ್ ನೋಟಿಸ್ ಕೊಟ್ಟು, ನೀವು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಲೋಗೊ ಮತ್ತೆ ಮೇಲೇರುತ್ತೆ. ಮುಂಗಡ ಕೊಟ್ಟಿದ್ದೇವಲ್ಲ, ಬಳಸೋ ಹಕ್ಕಿದೆ ಅಂತಾನೂ ವಾದಿಸಬಹುದು. ನಿಮ್ಮ ಒಪ್ಪಂದದ ಸಾಲು ಕೆಲಸಕ್ಕೆ ಬರೋದು ಅಲ್ಲೇ.

ಪ್ರಶ್ನೆ ಕೇಳಿದವರು:
ಮೇಲ್ ಬರೆದಿಟ್ಟಿದ್ದೇನೆ. ಆ ಪಾರ್ಟ್‌ನರ್‌ಗೂ ಸಿಸಿ ಹಾಕಲಾ?

ಉತ್ತರ 1:
ಹಾಕಿ, ಹಾಕಿ. ಇಷ್ಟವಾಗಲಿಲ್ಲ ಅಂತ ಅವರು ನಿಜವಾಗಲೂ ಹೇಳಿದ್ದರಾ ಅನ್ನೋದೂ ಗೊತ್ತಾಗುತ್ತೆ.