ನೊರೆ ಉಕ್ಕಿತು, ಚಪ್ಪಾಳೆ ಬಿತ್ತು. ರಸಾಯನಶಾಸ್ತ್ರ ಯಾರಿಗೆ ತಿಳಿಯಿತು?

ಬೀಕರ್‌ಭಟ್ಟ: ಮೊನ್ನೆ ಒಂದು ವಿಜ್ಞಾನ ಮೇಳದಲ್ಲಿ ‘ಆನೆಯ ಟೂತ್‌ಪೇಸ್ಟ್’ ಮಾಡಿ ತೋರಿಸಿದೆ. ಹೈಡ್ರೋಜನ್ ಪೆರಾಕ್ಸೈಡ್, ಸೋಪಿನ ನೀರು, ಮೇಲೆ ಒಂದು ಚಮಚ ಪೊಟ್ಯಾಸಿಯಂ ಅಯೋಡೈಡ್. ನೊರೆ ಭುಸ್ಸೆಂದು ಎದ್ದಿತು. ಎಲ್ಲ ಮುಗಿದ ಮೇಲೆ ಒಬ್ಬ ಹುಡುಗ ಬಂದು, "ಅಂಕಲ್, ಆ ಮ್ಯಾಜಿಕ್ ಪುಡಿ ಎಲ್ಲಿ ಸಿಗುತ್ತೆ?" ಅಂದ. ಅಷ್ಟು ಹೊತ್ತು ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಅಂತ ಕೊರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಇಂಥ ಪ್ರದರ್ಶನಗಳಿಂದ ಉಪಯೋಗ ಇದೆಯಾ?

ರಂಗಿನಕಡ್ಡಿ: ಇದೆ ಸ್ವಾಮಿ. ಆ ಹುಡುಗ ಹತ್ತಿರ ಬಂದು ಕೇಳಿದನಲ್ಲ, ಅದು ಸಾಲದೇ? ಬಣ್ಣ, ಹೊಗೆ, ಸದ್ದು ಇಲ್ಲದಿದ್ದರೆ ಯಾರೂ ನಿಂತು ನೋಡುವುದಿಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಲ್ಲೇ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಶುರುವಾಯಿತು. ಅದರ ಜೀವಾಳವೇ ಪ್ರಯೋಗ.

ಹಳೇಲ್ಯಾಬು: ಅಲ್ಲೇ ವಿಜ್ಞಾನಿ ಮೈಕೆಲ್ ಫ್ಯಾರಡೆ ಒಂದು ಮೇಣದಬತ್ತಿ ಇಟ್ಟುಕೊಂಡು ಆರು ಉಪನ್ಯಾಸ ಕೊಟ್ಟರು. ಬತ್ತಿ ಆರಿಸಿ, ಮೇಲೇಳುವ ಬಿಳಿ ಹೊಗೆಗೆ ಕಡ್ಡಿ ಹಿಡಿಯಿರಿ. ಬೆಂಕಿ ಗಾಳಿಯಲ್ಲೇ ಇಳಿದು ಬತ್ತಿಗೆ ಹತ್ತುತ್ತದೆ. ಉರಿಯುವುದು ಮೇಣದ ಆವಿ ಅಂತ ಕಣ್ಣಿಗೇ ಕಾಣುತ್ತದೆ. ಸದ್ದೂ ಇಲ್ಲ, ಗದ್ದಲವೂ ಇಲ್ಲ.

ರಂಗಿನಕಡ್ಡಿ: ನೂರು ಜನರ ಸಭೆಯಲ್ಲಿ ಹಿಂದಿನ ಸಾಲಿಗೆ ಆ ಹೊಗೆ ಕಾಣುತ್ತದಾ? ನಾನು ಮೆಥನಾಲ್ (ಬೇಗ ಹೊತ್ತಿಕೊಳ್ಳುವ ಒಂದು ಆಲ್ಕೋಹಾಲ್) ಸುರಿದು, ಲೋಹದ ಲವಣ ಹಾಕಿ, ಬೆಂಕಿ ಹಚ್ಚಿ ಬಣ್ಣಬಣ್ಣದ ಜ್ವಾಲೆ ತೋರಿಸುತ್ತೇನೆ. ಜನ ಬಾಯಿ ಬಿಟ್ಟು ನೋಡುತ್ತಾರೆ.

ಗಾಗಲ್‌ಗಿರಿಜಾ: ದಯವಿಟ್ಟು ಬೇಡ! ಮೆಥನಾಲ್ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಮತ್ತೆ ಸುರಿದರೆ ಆವಿಗೆ ಬೆಂಕಿ ಹತ್ತಿ, ಬಾಟಲಿಯ ಬಾಯಿಂದ ಜ್ವಾಲೆ ನೇರ ಮುಂದಿನ ಸಾಲಿಗೆ ನುಗ್ಗುತ್ತದೆ. ಹೀಗೆ ಮಕ್ಕಳು ಸುಟ್ಟುಕೊಂಡಿದ್ದಾರೆ. ತೆರೆದ ಮೇಜಿನ ಮೇಲೆ ಇದನ್ನು ಮಾಡಲೇಬೇಡಿ ಅಂತ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸುರಕ್ಷತಾ ಸಮಿತಿ 2014ರಲ್ಲೇ ಹೇಳಿದೆ. ಲವಣದ ನೀರಿನಲ್ಲಿ ನೆನೆಸಿದ ಮರದ ಕಡ್ಡಿಯನ್ನು ಬರ್ನರ್ ಜ್ವಾಲೆಗೆ ಹಿಡಿಯಿರಿ. ತಾಮ್ರಕ್ಕೆ ಹಸಿರು, ಸ್ಟ್ರಾನ್ಷಿಯಂಗೆ ಕೆಂಪು. ಅದೇ ಬಣ್ಣ, ಅದೇ ರಸಾಯನಶಾಸ್ತ್ರ.

ರಂಗಿನಕಡ್ಡಿ: ಬಾಟಲಿ ವಿಷಯ ಇಷ್ಟು ಅಂತ ಗೊತ್ತಿರಲಿಲ್ಲ. ನಿಲ್ಲಿಸುತ್ತೇನೆ.

ಸುಮ್ನೆಕೇಳ್ತೀನಿ: ಮೇಣದಬತ್ತಿ ಅಂದಾಗ ನೆನಪಾಯಿತು. ನೀರಿರುವ ತಟ್ಟೆಯಲ್ಲಿ ಬತ್ತಿ ಹಚ್ಚಿ ಗಾಜಿನ ಲೋಟ ಮುಚ್ಚಿದರೆ ನೀರು ಮೇಲೇರುತ್ತದಲ್ಲ, ಆಮ್ಲಜನಕ ಖರ್ಚಾಗಿದ್ದಕ್ಕೆ ಅಲ್ವಾ?

ಹಳೇಲ್ಯಾಬು: ಈ ತಪ್ಪು ವಿವರಣೆ ಎಷ್ಟು ವೇದಿಕೆಗಳಲ್ಲಿ ಕೇಳಿದ್ದೇನೋ! ಬತ್ತಿಯ ಬಿಸಿಗೆ ಗಾಳಿ ಹಿಗ್ಗುತ್ತದೆ, ಒಂದಿಷ್ಟು ಲೋಟದ ಅಂಚಿನಿಂದ ಗುಳ್ಳೆಯಾಗಿ ಹೊರಟು ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರು ನುಗ್ಗುತ್ತದೆ. ನಂಬಿಕೆ ಬರದಿದ್ದರೆ ಒಂದರ ಬದಲು ಮೂರು ಬತ್ತಿ ಇಡಿ. ಲೋಟ ಅದೇ, ಆಮ್ಲಜನಕವೂ ಅಷ್ಟೇ, ಆದರೆ ನೀರು ಜಾಸ್ತಿ ಏರುತ್ತದೆ.

ಸುಮ್ನೆಕೇಳ್ತೀನಿ: ಈಗಷ್ಟೇ ಮಾಡಿ ನೋಡಿದೆ. ಗುಳ್ಳೆ ನಿಜವಾಗಿಯೂ ಬಂತು! ಇಷ್ಟು ವರ್ಷ ನೋಡಿದ್ದೆ, ಗಮನಿಸಿರಲಿಲ್ಲ.

ಬೀಕರ್‌ಭಟ್ಟ: ನಾನು ಎಡವಿದ್ದು ಇಲ್ಲೇ ಅನ್ನಿಸುತ್ತದೆ. ನೊರೆ ನಿಂತ ತಕ್ಷಣ ಮೇಜು ಒರೆಸಿಬಿಟ್ಟೆ. ಪುಡಿ ಖರ್ಚಾಯಿತಾ ಅಂತ ಕೇಳಿ, ಉಳಿದ ದ್ರವಕ್ಕೆ ಇನ್ನೊಂದಿಷ್ಟು ಪೆರಾಕ್ಸೈಡ್ ಹಾಕಿದ್ದರೆ ಮತ್ತೆ ನೊರೆ ಬರುತ್ತಿತ್ತು. ವೇಗವರ್ಧಕ ಅಂದರೆ ಏನು ಅಂತ ಆ ಹುಡುಗನಿಗೆ ಬೇರೆ ಹೇಳಬೇಕಾಗಿಯೇ ಇರಲಿಲ್ಲ.

ಗಾಗಲ್‌ಗಿರಿಜಾ: ಅವನ ಕೈಯಲ್ಲೇ ಹಾಕಿಸಿ. ಆದರೆ 30 ಶೇಕಡಾ ಪೆರಾಕ್ಸೈಡ್ ಬೇಡ, ಚರ್ಮ ಸುಡುತ್ತದೆ. 3 ಶೇಕಡಾದ್ದು, ಆ ಪುಡಿಯ ಬದಲು ಯೀಸ್ಟ್, ಅಷ್ಟು ಸಾಕು. ಕನ್ನಡಕ ಇಬ್ಬರಿಗೂ.

ಬೀಕರ್‌ಭಟ್ಟ: ನೊರೆ ಕಡಿಮೆ ಬರುತ್ತದಲ್ಲ!

ಗಾಗಲ್‌ಗಿರಿಜಾ: ಬರಲಿ ಬಿಡಿ. ಒರೆಸುವುದೂ ಕಡಿಮೆ.